ರಶ್ಮಿಯ ಹೆಸರಲ್ಲಿ ಏಳು ಇನ್ನಿಂಗ್ಸ್

ಕಳೆದ ವರ್ಷ ಫೆಬ್ರವರಿಯಲ್ಲಿ ಮೂಡಿಗೆರೆ ಪೇಟೆಯಲ್ಲಿ ತೆರೆದ ಜೀಪಿನ ಮೇಲೆ ಮೆರವಣಿಗೆ ಹೋದ ಹುಡುಗಿಗೆ ಸಾಫ್ಟ್‌ಬಾಲಿನಲ್ಲಿ ಒಂದು ತಂಡಕ್ಕೆ ಎಷ್ಟು ಜನ ಎಂಬುದೂ ಗೊತ್ತಿರಲಿಲ್ಲ. ಆದರೂ ಅವಳ ಕೊರಳಲ್ಲಿ ವಿಶ್ವವಿದ್ಯಾಲಯಗಳ ರಾಷ್ಟ್ರೀಯ ಮಹಿಳಾ ಪಂದ್ಯಾವಳಿಯ ಚಿನ್ನದ ಪದಕವಿತ್ತು. ಪದಕವನ್ನು ಗೆದ್ದವಳು ಅದೇ ಹೊತ್ತಿನಲ್ಲಿ ಇಪ್ಪತ್ತೈದು ಕಿಲೋಮೀಟರ್ ದೂರದಲ್ಲಿ, ರೊಬಸ್ಟಾ ಕಾಫಿ ಗಿಡಕ್ಕೆ ಏಣಿ ಇಟ್ಟುಕೊಂಡು, ಸೊಂಟಕ್ಕೆ ಚೀಲ ಕಟ್ಟಿಕೊಂಡು ಹಣ್ಣು ಕೊಯ್ಯುತ್ತಿದ್ದಳು. ಅವಳ ಹೆಸರು ಧನ್ಯಾ. ಬರೆಯಬೇಕಾದವರು ಬರೆಯಬೇಕಾದ ಜಾಗದಲ್ಲಿ ಈ ಹೆಸರನ್ನು ಬರೆಯಲಿಲ್ಲ. ಅದಕ್ಕೇ ಇಲ್ಲಿ ಮೊದಲ ಸಾಲುಗಳಲ್ಲೇ ಬರೆದಿಡುವುದು ಒಳ್ಳೆಯದು.

ಧನ್ಯಾಳ ಮನೆ ಕೊಟ್ಟಿಗೆಹಾರ ದಾಟಿ ಕಳಸಕ್ಕೆ ಹೋಗುವ ದಾರಿಯಲ್ಲಿ, ಚಂದ್ರಶೇಖರಪ್ಪನವರ ಎಸ್ಟೇಟಿನ ಕೂಲಿಲೈನಿನಲ್ಲಿ ಐದನೆಯದು. ಮನೆ ಅನ್ನುವುದು ಬಾಯಿಮಾತಿಗೆ. ಅದು ಈರಮ್ಮನ ಹೆಸರಿಗೆ ಕೊಟ್ಟ ಎರಡು ಕೋಣೆ. ಈರಮ್ಮ ಧನ್ಯಾಳ ಅಪ್ಪನ ತಾಯಿ, ಎಸ್ಟೇಟಿನ ಕಾಯಂ ಆಳು. ಹನ್ನೊಂದು ವರ್ಷದ ಹಿಂದೆ ಅವಳ ಮಂಡಿ ಕೈಕೊಟ್ಟಿತು. ಕಾಯಂ ಹೆಸರು ಪುಸ್ತಕದಿಂದ ಹೋದರೆ ಮನೆಯೂ ಹೋಗುತ್ತದೆ. ಹಾಗಾಗಿ ಸೊಸೆ, ಧನ್ಯಾಳ ತಾಯಿ ಶಂಕರಮ್ಮ, ಅತ್ತೆಯ ಹೆಸರಿನೊಳಗೆ ಹೊಕ್ಕಳು. ಬೆಳಿಗ್ಗೆ ರೈಟರು ಹಾಜರಿ ಪುಸ್ತಕ ಬಿಚ್ಚಿ "ಈರಮ್ಮ" ಎಂದು ಕೂಗಿದರೆ ಶಂಕರಮ್ಮ "ಬಂದೆ" ಎನ್ನುತ್ತಾಳೆ. ಇದು ರೈಟರಿಗೆ ಗೊತ್ತು, ಮೇಸ್ತ್ರಿಗೆ ಗೊತ್ತು, ಮಾಲೀಕರಿಗೂ ಗೊತ್ತು. ಇದಕ್ಕೆ ಅಲ್ಲಿ ಬದಲಿ ಅನ್ನುತ್ತಾರೆ. ತಂಗಿಗೆ ಜ್ವರ ಬಂದರೆ ಅಕ್ಕ ಬದಲಿ, ಬಾಣಂತಿಗೆ ನಾದಿನಿ ಬದಲಿ. ಯಾರಿಗೂ ಇದು ಸುಳ್ಳು ಅನ್ನಿಸಿದ್ದಿಲ್ಲ. ಹೆಸರು ಯಾರದೇ ಇರಲಿ, ದುಡಿದದ್ದು ಕೊನೆಗೆ ದುಡಿದವರ ಒಲೆಗೇ ಬರುತ್ತಿತ್ತು.

"ಹೆಸರು ಯಾರ್ದಾದ್ರೆ ಎಂತ, ಬೆನ್ನು ನಮ್ದೇ ಅಲ್ದಾ" ಎಂದು ಶಂಕರಮ್ಮ ನಗುತ್ತಿದ್ದಳು. ಮಗಳು ಈ ಮಾತನ್ನು ಕೇಳುತ್ತಲೇ ಬೆಳೆದಳು. ಅವಳ ತಪ್ಪಿನ ಬೇರು ಇಲ್ಲಿದೆ.

ಮೂಡಿಗೆರೆಯ ಕಾಲೇಜಿಗೆ ಸೇರಿದ ಮೊದಲ ವರ್ಷವೇ ದೈಹಿಕ ಶಿಕ್ಷಣ ನಿರ್ದೇಶಕ ಶಶಿಧರ್ ಧನ್ಯಾಳ ಉದ್ದ ತೋಳು ನೋಡಿ ಅವಳ ಕೈಗೆ ಸಾಫ್ಟ್‌ಬಾಲ್ ಕೊಟ್ಟರು. ಆಟ ನೋಡಲು ಬೇಸ್‌ಬಾಲಿನ ತಂಗಿಯಂತಿದೆ. ಆದರೆ ಎಸೆಯುವವಳು, ಅಂದರೆ ಪಿಚರ್, ತೋಳನ್ನು ರಾಟೆಯ ಹಾಗೆ ಒಂದು ಸುತ್ತು ತಿರುಗಿಸಿ, ಸೊಂಟದ ಮಟ್ಟದಿಂದ ಚೆಂಡು ಬಿಡಬೇಕು. ನಲವತ್ತಮೂರು ಅಡಿ ಆಚೆ ಬ್ಯಾಟು ಹಿಡಿದವಳು ಕಣ್ಣು ಮಿಟುಕಿಸುವುದರೊಳಗೆ ಚೆಂಡು ಅವಳನ್ನು ದಾಟಿ ಹಿಂದೆ ಕೂತ ಕ್ಯಾಚರಳ ಗ್ಲೌಸಿಗೆ ಹೋಗಿ ಬಡಿಯಬೇಕು. ಶಶಿಧರ್ ಕಲಿಸಿದ್ದು ಇಷ್ಟೇ. ಉಳಿದದ್ದನ್ನು ಧನ್ಯಾ ಎಸ್ಟೇಟಿನ ಕಣದಲ್ಲಿ ತಾನೇ ಕಲಿತಳು. ಜೂನ್ ಬಂದರೆ ಕಾಫಿ ಒಣಗಿಸುವ ಸಿಮೆಂಟ್ ಕಣ ಖಾಲಿ ಬಿದ್ದಿರುತ್ತದೆ. ಮಳೆ ಹೊಳವಾದಾಗಲೆಲ್ಲ ಅಲ್ಲಿ ಅಡಿ ಅಳೆದು ನಿಂತು, ಗೋದಾಮಿನ ಗೋಡೆಗೆ ಪಾರ್ಚ್‌ಮೆಂಟ್ ಕಾಫಿಯ ಹಳೆ ಚೀಲ ಕಟ್ಟಿ ಅದಕ್ಕೆ ಚೆಂಡು ಹೊಡೆಯುತ್ತಿದ್ದಳು. ದಿನಕ್ಕೆ ಇನ್ನೂರು ಸಲ. ಚೀಲದ ಮೂಲೆಯಲ್ಲಿ ತೂತು ಬಿತ್ತು. ಆಮೇಲೆ ಆ ತೂತಿನೊಳಗೇ ಚೆಂಡು ತೂರಿಸುವುದನ್ನು ಕಲಿತಳು.

ಕಾಲೇಜಿನಲ್ಲಿ ಅವಳ ಚೆಂಡು ಹಿಡಿಯುವ ಧೈರ್ಯ ಇದ್ದದ್ದು ಫರ್ಹತ್‌ಗೆ ಮಾತ್ರ. ಬಸ್‌ಸ್ಟ್ಯಾಂಡಿನ ಹಿಂದೆ ಜೀಪ್ ಗ್ಯಾರೇಜ್ ಇಟ್ಟ ಅಹಮದ್ ಸಾಹೇಬರ ಮಗಳು. ಗಿಡ್ಡಿ, ಗಟ್ಟಿ, ಬಾಯಿ ಅದಕ್ಕಿಂತ ಗಟ್ಟಿ. "ನಿನ್ನ ಚೆಂಡು ಹಿಡಿದೂ ಹಿಡಿದೂ ನನ್ನ ಅಂಗೈ ರೊಟ್ಟಿ ಹಂಚಾಗಿದೆ ಮಾರಾಯ್ತಿ. ನಾಳೆ ನನ್ನ ಮದುವೆ ನಿಂತ್ರೆ ನೀನೇ ಕಟ್ಕೋಬೇಕು" ಅನ್ನುತ್ತಿದ್ದಳು. ಫರ್ಹತ್‌ಗೆ ಪೊಲೀಸ್ ಆಗಬೇಕಿತ್ತು. ಕ್ರೀಡಾ ಕೋಟಾದಲ್ಲಿ ಒಂದು ರಾಷ್ಟ್ರೀಯ ಪದಕ ತೋರಿಸಿದರೆ ದಾರಿ ಅರ್ಧ ಮುಗಿದ ಹಾಗೆ ಎಂದು ಅವಳ ಲೆಕ್ಕಾಚಾರ.

ಮೆರವಣಿಗೆಗೆ ಮೊದಲಿನ ಡಿಸೆಂಬರಿನಲ್ಲಿ ವಿಶ್ವವಿದ್ಯಾಲಯ ತಂಡದ ಆಯ್ಕೆ. ಶಶಿಧರ್ ಧನ್ಯಾಳಿಗೆ ಶುಕ್ರವಾರ ಎಂದರು. ಆಯ್ಕೆ ನಡೆದದ್ದು ಬುಧವಾರ; ಫರ್ಹತ್‌ಳನ್ನು ಅಂದು ಬೆಳಿಗ್ಗೆಯಷ್ಟೇ ಕರೆದೊಯ್ದಿದ್ದರು. ಬಾಯಿ ತಪ್ಪಿ ಹೇಳಿದರೇ, ಬಾಯಿ ಬೇಕೆಂದೇ ತಪ್ಪಿತೇ? ಉತ್ತರಕ್ಕೆ ತುಂಬಾ ತಲೆ ಕೆಡಿಸಿಕೊಳ್ಳಬೇಕಿಲ್ಲ. ಆಯ್ಕೆದಾರರಲ್ಲಿ ಶಶಿಧರ್ ಒಬ್ಬರು. ತಂಡದ ಮ್ಯಾನೇಜರ್ ಕೂಡ ಅವರೇ. ಪಟ್ಟಿಯಲ್ಲಿ ಕ್ಯಾಚರ್ ಆಗಿ ಫರ್ಹತ್ ಹೆಸರಿತ್ತು, ಅದು ನ್ಯಾಯ. ಪಿಚರ್ ಆಗಿ ರಶ್ಮಿ ಹೆಸರಿತ್ತು. ರಶ್ಮಿ ಚಂದ್ರಶೇಖರಪ್ಪನವರ ಮಗಳು, ಅದೇ ಕಾಲೇಜಿನ ಕೊನೆ ವರ್ಷದವಳು. ಕಾಲೇಜಿನ ಮೈದಾನಕ್ಕೆ ಬೇಲಿ ಹಾಕಿಸಿದ್ದು ಅವಳ ತಂದೆ.

ಹೊರಡಲು ಹತ್ತು ದಿನ ಇರುವಾಗ ಶಶಿಧರ್ ಧನ್ಯಾಳನ್ನು ಕರೆಸಿದರು.

"ರಶ್ಮಿ ಕೈ ಉಳುಕಿದೆಯಮ್ಮ. ಪಟ್ಟಿ ಕ್ಲೋಸ್ ಆಗಿದೆ, ಹೊಸ ಹೆಸರು ಸೇರ್ಸೋಕೆ ಬರಲ್ಲ. ನೀನು ಅವಳ ಬದಲಿ ಹೋಗು."

"ಬದಲಿನಾ ಸರ್?"

"ಹೌದು, ಬದಲಿ. ನಿಮ್ಮ ಕಡೆ ಮಾಡಲ್ವಾ? ಫಾರಮ್ಮಿಗೆ ನಿನ್ನ ಫೋಟೋ ಅಂಟಿಸ್ತೀನಿ. ಬಂದ ಮೇಲೆ ಸರ್ಟಿಫಿಕೇಟಲ್ಲಿ ಹೆಸರು ಸರಿ ಮಾಡ್ಸೋಣ. ಇಲ್ಲಾಂದ್ರೆ ಪಿಚರ್ ಇಲ್ದೆ ಹದಿನೈದು ಹುಡುಗೀರು ಮನೇಲಿ ಕೂರ್ತಾರೆ. ನೋಡು, ನಿನ್ನಿಷ್ಟ."

ಓದಿದ ಮನುಷ್ಯ. ಕಾನೂನು ಗೊತ್ತಿದ್ದ ಮನುಷ್ಯ. ಎದುರಿಗಿದ್ದ ಹುಡುಗಿಗೆ ಯಾವ ಶಬ್ದ ಹೇಳಿದರೆ ಅವಳು ಅನುಮಾನಪಡುವುದಿಲ್ಲ ಎಂಬುದೂ ಗೊತ್ತಿತ್ತು. ಸುಳ್ಳು ಹೆಸರಲ್ಲಿ ಆಡು ಎಂದಿದ್ದರೆ ಧನ್ಯಾ ಬೆಚ್ಚುತ್ತಿದ್ದಳು. ಬದಲಿ ಎಂದಾಗ ಅವಳಿಗೆ ಕಂಡದ್ದು ಅಮ್ಮನ ಮುಖ. ಅವಳು ತಲೆಯಾಡಿಸಿದಳು.

ಪಂದ್ಯಾವಳಿ ನಡೆದದ್ದು ಪಂಜಾಬಿನ ಒಂದು ಊರಿನಲ್ಲಿ. ಎರಡೂವರೆ ದಿನ ರೈಲು. ತಂಡದಲ್ಲಿ ಬೇರೆ ಬೇರೆ ಕಾಲೇಜಿನ ಹುಡುಗಿಯರು. ಅವರ ಪಾಲಿಗೆ ಅವಳು ರಶ್ಮಿಯೇ. ನಿಜ ಗೊತ್ತಿದ್ದದ್ದು ಫರ್ಹತ್‌ಗೆ ಮಾತ್ರ. ಮೊದಲ ದಿನ ಅವಳು ಮರೆತು "ಧನ್ಯಾ" ಎಂದು ಕೂಗಿ, ನಾಲಿಗೆ ಕಚ್ಚಿಕೊಂಡು, "ಧನ್ಯವಾದ ಅಂತ ಹೇಳಿದ್ದು" ಎಂದು ಬಾಯಿ ಮುಚ್ಚಿಕೊಂಡಿದ್ದಳು. ಇಬ್ಬರೂ ಹೊಟ್ಟೆ ಹಿಡಿದು ನಕ್ಕಿದ್ದರು. ಆಗ ಅದು ನಗುವ ವಿಷಯವಾಗಿತ್ತು.

ಆರು ಪಂದ್ಯ ಗೆದ್ದು ಫೈನಲಿಗೆ ಬಂದರು. ಎದುರಿಗೆ ಉತ್ತರದ ತಂಡ, ಮೂರು ವರ್ಷದಿಂದ ಕಪ್ ಬಿಟ್ಟುಕೊಡದವರು. ಬೆಳಗಿನ ಮಂಜು ಹನ್ನೊಂದಾದರೂ ಹರಿದಿರಲಿಲ್ಲ, ಚೆಂಡು ಒದ್ದೆ. ಒದ್ದೆ ಚೆಂಡು ಬೆರಳಿಂದ ಜಾರುತ್ತದೆ ಎಂದು ಎದುರಾಳಿ ಪಿಚರ್ ಗೋಳಾಡಿದಳು. ಜೂನ್ ಜುಲೈಯ ಒದ್ದೆ ಕಣದಲ್ಲಿ ಎಸೆದು ಕಲಿತವಳಿಗೆ ಒಣ ಚೆಂಡೇ ಪರಕೀಯ. ಒಂದಾದ ಮೇಲೊಂದು ಇನ್ನಿಂಗ್ಸಿನಲ್ಲಿ ಉತ್ತರದ ಹುಡುಗಿಯರು ಗಾಳಿಗೆ ಬ್ಯಾಟು ಬೀಸಿ ವಾಪಸಾದರು. ಏಳನೆಯ, ಕೊನೆಯ ಇನ್ನಿಂಗ್ಸಿನಲ್ಲಿ ನಮ್ಮವರ ರನ್ ಎರಡು, ಅವರದು ಒಂದು. ಇಬ್ಬರು ಔಟು, ಇನ್ನೊಬ್ಬಳು ಔಟಾದರೆ ಗೆಲುವು. ಮೂರನೇ ಬೇಸಿನಲ್ಲಿ ಒಬ್ಬಳು ಓಡಲು ತುದಿಗಾಲಲ್ಲಿ ನಿಂತಿದ್ದಾಳೆ. ಬ್ಯಾಟಿನಲ್ಲಿ ಅವರ ಕ್ಯಾಪ್ಟನ್, ಆರಡಿಯ ಹೆಣ್ಣು. ಎರಡು ಸಲ ಬೀಸಿ ತಪ್ಪಿದ್ದಾಳೆ, ಮೂರನೆಯದೂ ತಪ್ಪಿದರೆ ಔಟು.

"ರಶ್ಮೀ, ನಿಧಾನದ್ದು ಹಾಕೇ!" ಫರ್ಹತ್ ಕನ್ನಡದಲ್ಲೇ ಕಿರುಚಿದಳು. ಎದುರಾಳಿಗಳಲ್ಲಿ ಯಾರಿಗೆ ಕನ್ನಡ ಗೊತ್ತು!

ಧನ್ಯಾ ತೋಳನ್ನು ಅದೇ ರಭಸದಲ್ಲಿ ತಿರುಗಿಸಿದಳು, ಬೆರಳ ತುದಿಯಲ್ಲಿ ಮಾತ್ರ ಚೆಂಡನ್ನು ಹಿಡಿದು ಬಿಟ್ಟಳು. ಚೆಂಡು ಬಾರದೇ ಬಾರದೇ ಬಂತು. ಕ್ಯಾಪ್ಟನ್ ಬೀಸಿ ಮುಗಿಸಿ, ತಿರುಗಿ, ಮಂಡಿಯೂರಿದ ಮೇಲೆ ಅದು ಫರ್ಹತ್‌ಳ ಗ್ಲೌಸಿಗೆ ಬಂದು ಕುಳಿತಿತು. ಹದಿಮೂರನೇ ಸ್ಟ್ರೈಕ್‌ಔಟ್. ಚಾಂಪಿಯನ್ನರು.

ಮೈಕಿನಲ್ಲಿ ಹೆಸರು ಕರೆದರು: ಪಂದ್ಯಾವಳಿಯ ಶ್ರೇಷ್ಠ ಪಿಚರ್, ರಶ್ಮಿ ಚಂದ್ರಶೇಖರಪ್ಪ. ಧನ್ಯಾ ಹೋಗಿ ಕೈಕುಲುಕಿ ಪದಕ, ಸರ್ಟಿಫಿಕೇಟು ತಂದಳು. ವಾಪಸಾಗುವಾಗ ಸರ್ಟಿಫಿಕೇಟಿನ ಮೇಲಿನ ಹೆಸರನ್ನು ಹೆಬ್ಬೆರಳಿಂದ ಮುಚ್ಚಿ ಹಿಡಿದಿದ್ದಳು.

ರೈಲಿನಲ್ಲಿ ಶಶಿಧರ್ "ಜೆರಾಕ್ಸ್ ಮಾಡಿಸ್ಬೇಕು" ಎಂದು ಎಲ್ಲರ ಪದಕ, ಸರ್ಟಿಫಿಕೇಟ್ ಸಂಗ್ರಹಿಸಿದರು. ವಾರದೊಳಗೆ ಹದಿನೈದು ಮಂದಿಗೆ ವಾಪಸ್ ಬಂತು. ಒಬ್ಬಳಿಗೆ ಬರಲಿಲ್ಲ. ಮೆರವಣಿಗೆಯ ಹಿಂದಿನ ದಿನ ಅವರ ಫೋನ್ ಬಂತು: "ನಾಳೆ ನೀನು ಪೇಟೆ ಕಡೆ ಬರ್ಬೇಡಮ್ಮ. ಒಂದೇ ಹೆಸರಿಗೆ ಇಬ್ರು ನಿಂತ್ರೆ ಚೆನ್ನಾಗಿರಲ್ಲ."

ನಾಚಿಕೆ ಎಂಬ ವಸ್ತುವನ್ನು ಈ ಜನ ಯಾವ ಸಂತೆಯಲ್ಲಿ ಮಾರಿಕೊಂಡರೋ! ಜೀಪು ಹೋಯಿತು, ಹಾರ ಬಿತ್ತು, ಪಟಾಕಿ ಸಿಡಿಯಿತು. ಭಾಷಣ ಮಾಡಿದವರು "ಮಲೆನಾಡಿನ ಮಣ್ಣಿನ ಮಗಳು" ಎಂದರು. ಮಣ್ಣಿನ ಮಗಳು ಮಣ್ಣಿನಲ್ಲೇ ಇದ್ದಳು, ಏಣಿಯ ಮೇಲೆ. ಉಳುಕಿದ್ದ ರಶ್ಮಿಯ ಕೈ ಅಷ್ಟು ಹೊತ್ತು ಜನರಿಗೆ ಬೀಸುತ್ತಲೇ ಇತ್ತು. ಡಿಗ್ರಿ ಮುಗಿದ ಮೇಲೆ ಆ ಸರ್ಟಿಫಿಕೇಟು ಹಿಡಿದು ರಶ್ಮಿ ಕ್ರೀಡಾ ಕೋಟಾದಲ್ಲಿ ಸ್ನಾತಕೋತ್ತರ ಸೀಟು ಪಡೆದಳು. ಹಣ ಕೊಟ್ಟು ಕೊಳ್ಳುವ ತಾಕತ್ತಿದ್ದವರಿಗೂ ಕದ್ದ ಸೀಟಿನ ಮೇಲೇ ಆಸೆ.

ಮೆರವಣಿಗೆಯ ನಂತರ ಶಂಕರಮ್ಮನಿಗೆ ಸಂಗತಿ ಅರ್ಥವಾಗಲು ಎರಡು ದಿನ ಹಿಡಿಯಿತು. "ಬದಲಿಗೆ ಹೋದವ್ಳ ದುಡಿಮೆ ಬದಲಿಗೆ ಹೋದವ್ಳಿಗೇ ಬರ್ಬೇಕಲ್ಲ? ಇದ್ಯಾವ ಊರಿನ ಬದಲಿ?" ಎಂದು ಕೇಳಿ, ಸೀರೆ ಬದಲಾಯಿಸಿ, ಮಗಳನ್ನು ಕರೆದುಕೊಂಡು ಬಂಗಲೆಗೆ ನಡೆದಳು.

ಚಂದ್ರಶೇಖರಪ್ಪ ಒರಟರಲ್ಲ. ಜಗುಲಿಯಲ್ಲಿ ಕೂರಿಸಿ ಕಾಫಿ ಕೊಡಿಸಿದರು. ರಶ್ಮಿ ಹೊರಗೆ ಬಂದು, "ಸಾರಿ ಕಣೇ ಧನ್ಯಾ, ನಂಗೆ ಇದೆಲ್ಲ ಬೇಕೂ ಇರ್ಲಿಲ್ಲ. ಅಪ್ಪ, ಸರ್ ಸೇರಿ ಮಾಡಿದ್ದು" ಎಂದು ಒಳಗೆ ಹೋದಳು. ಬೇಡದ್ದನ್ನು ವಾಪಸ್ ಕೊಡುವ ಮಾತು ಮಾತ್ರ ಅವಳ ಬಾಯಿಂದ ಬರಲಿಲ್ಲ.

"ಅಯ್ಯಾ, ಆ ಸರ್ಟಿಫಿಕೇಟು ನಮ್ಮ ಮಗಿಗೆ ಕೊಟ್ಬಿಡಿ" ಎಂದಳು ಶಂಕರಮ್ಮ.

"ಅದು ರಶ್ಮಿ ಹೆಸರಲ್ಲಿದೆಯಲ್ಲ ಶಂಕರಮ್ಮ, ನಿನ್ನ ಮಗಳಿಗೆ ಅದರಿಂದ ಎಂತ ಉಪಯೋಗ?" ಮಾಲೀಕರು ಮೆತ್ತಗೆ ಕೇಳಿದರು. "ಇವಳ ಕಾಲೇಜಿನ ಖರ್ಚು ನಾನು ನೋಡ್ಕೊಳ್ತೀನಿ. ನೋಡು, ನೀನು ಹನ್ನೊಂದು ವರ್ಷದಿಂದ ಈರಮ್ಮ ಅಂತ ಹಾಜರಿ ಹಾಕಿಸ್ಕೊಳ್ತಿದೀಯ. ನಾವು ಯಾವತ್ತಾದ್ರೂ ಕೇಳಿದೀವಾ?"

ಬೆದರಿಕೆಯನ್ನು ಇಷ್ಟು ಬೆಚ್ಚಗೆ, ಇಷ್ಟು ಸಕ್ಕರೆ ಹಾಕಿ ಕೊಡುವ ವಿದ್ಯೆ ನಮ್ಮ ಬಂಗಲೆಗಳಲ್ಲಿ ತಲೆಮಾರಿನಿಂದ ಬಂದದ್ದು. ಹೆಸರಿನ ಮಾತು ಎತ್ತಿದರೆ ಮನೆಯ ಮಾತು ಏಳುತ್ತದೆ. ಶಂಕರಮ್ಮ ಲೋಟ ಕೆಳಗಿಟ್ಟಳು. ಮಗಳ ಕೈ ಹಿಡಿದು ಲೈನಿನ ಕಡೆ ಇಳಿದಳು.

ಸುದ್ದಿ ಕೇಳಿ ಫರ್ಹತ್ ಓಡಿ ಬಂದಳು. "ಬೇಡ ಕಣೇ, ಈಗ ಕೆದಕ್ಬೇಡ. ತಂಡದಲ್ಲಿ ಒಬ್ಳು ಸುಳ್ಳು ಅಂತಾದ್ರೆ ಎಲ್ರ ಚಿನ್ನನೂ ಕಿತ್ಕೊಳ್ತಾರೆ. ನಾನು ಪೊಲೀಸ್ ಅರ್ಜಿ ಜೊತೆ ಅದನ್ನೇ ಇಟ್ಟಿದೀನಿ. ನಿನ್ನ ಕಾಲಿಗೆ ಬೀಳ್ತೀನಿ." ಧನ್ಯಾ ಆಯ್ತು ಎಂದಳು. ಹತ್ತು ತಿಂಗಳು ಬಾಯಿಬಿಡಲಿಲ್ಲ.

ಮತ್ತೆ ಡಿಸೆಂಬರ್ ಬಂತು, ಮತ್ತೆ ಆಯ್ಕೆ. ಈ ಸಲ ಧನ್ಯಾ ದಿನಾಂಕವನ್ನು ಯಾರ ಬಾಯಿಂದಲೂ ಕೇಳಲಿಲ್ಲ, ನೋಟೀಸ್ ಬೋರ್ಡಿನಿಂದ ತಾನೇ ಬರೆದುಕೊಂಡಳು. ಫಾರಮ್ಮಿನಲ್ಲಿ ತನ್ನ ಹೆಸರು ಬರೆದು, ತನ್ನದೇ ಫೋಟೋ ಅಂಟಿಸಿದಳು. ಚಾಂಪಿಯನ್ ತಂಡವೆಂದು ಈ ಬಾರಿ ಹೊರಗಿನಿಂದ ಒಬ್ಬ ಆಯ್ಕೆದಾರರನ್ನು ಕರೆಸಿದ್ದರು: ವಿಶಾಲಾಕ್ಷಮ್ಮ, ಹಳೆಯ ಕಾಲದ ಆಟಗಾರ್ತಿ, ಬಿಳಿ ಜುಟ್ಟು, ಕೊರಳಲ್ಲಿ ಸೀಟಿ. ಕಳೆದ ಫೈನಲಿನಲ್ಲಿ ಅಂಪೈರುಗಳ ಬೆಂಚಿನಲ್ಲಿ ಕೂತಿದ್ದವರು.

ಧನ್ಯಾ ಮೂರು ಚೆಂಡು ಹಾಕಿದಳು. ಫರ್ಹತ್ ಹಿಡಿದಳು. ವಿಶಾಲಾಕ್ಷಮ್ಮ ಎದ್ದು ಹತ್ತಿರ ಬಂದರು.

"ಅಲ್ಲವೇ, ನೀನು ರಶ್ಮಿ ತಾನೇ? ಪಂಜಾಬಲ್ಲಿ ಆ ಕೊನೇ ನಿಧಾನದ ಚೆಂಡು ಹಾಕಿದವಳು? ಇಲ್ಲಿ ಹಾಳೇಲಿ ಬೇರೆ ಹೆಸರಿದೆಯಲ್ಲ."

ಶಶಿಧರ್ ಓಡಿ ಬಂದರು. "ಅಲ್ಲ ಮೇಡಂ, ರಶ್ಮಿ ಓದು ಮುಗಿಸಿ ಹೋದ್ಲು. ಈ ಹುಡುಗಿ ಬೇರೆ. ನೋಡೋಕೆ ಸ್ವಲ್ಪ ಹೋಲಿಕೆ."

ಹುಡುಗಿಯ ಮುಂದೆ ದಾರಿ ಸಲೀಸಾಗಿತ್ತು. ಹೌದು, ಹೋಲಿಕೆ ಅಂದರಾಯಿತು. ತನ್ನ ಹೆಸರಲ್ಲೇ ತಂಡಕ್ಕೆ ಸೇರಬಹುದು, ತನ್ನ ಹೆಸರಲ್ಲೇ ಈ ವರ್ಷ ಗೆಲ್ಲಬಹುದು. ಫರ್ಹತ್‌ಳ ಪೊಲೀಸ್ ಅರ್ಜಿ ಉಳಿಯುತ್ತದೆ, ಅಮ್ಮನ ಮನೆ ಉಳಿಯುತ್ತದೆ. ಹೋಗುವುದು ಒಂದೇ ಒಂದು, ಆ ಏಳು ಇನ್ನಿಂಗ್ಸ್. ಫರ್ಹತ್ ಮಾಸ್ಕಿನ ಕಂಬಿಯ ಹಿಂದಿನಿಂದ ಅವಳನ್ನೇ ನೋಡುತ್ತಿದ್ದಳು. ಧನ್ಯಾ ಮುಂದಿನ ಚೆಂಡಿಗೆ ಕೈ ಚಾಚಿದಳು. ಬಹುಶಃ ಸುಮ್ಮನೇ ಇದ್ದುಬಿಡುತ್ತಿದ್ದಳು.

ಶಶಿಧರ್‌ಗೆ ಅಷ್ಟು ಸಾಲಲಿಲ್ಲ. "ಎಲ್ಲಿಯ ಹೋಲಿಕೆ ಬಿಡಿ ಮೇಡಂ" ಎಂದು ನಕ್ಕರು. "ರಶ್ಮಿ ಎಲ್ಲಿ, ಇವಳೆಲ್ಲಿ. ಆ ವೇಗ ಇವಳಿಗೆ ಬರಲ್ಲ. ಏನೋ ಲೈನ್ ಮನೆ ಹುಡುಗಿ, ಎರಡನೇ ಪಿಚರ್ ಆಗಿ ಇಟ್ಕೊಳ್ಳೋಣ."

ಕದ್ದವನು ಕದ್ದ ಮಾಲನ್ನು ತೋರಿಸಿ, ಕಳೆದುಕೊಂಡವಳಿಗೇ ನಿನ್ನ ಹತ್ತಿರ ಇಂಥದ್ದಿಲ್ಲ ಅಂದ ಹಾಗೆ!

"ಹೋಲಿಕೆ ಅಲ್ಲ ಮೇಡಂ" ಎಂದಳು ಧನ್ಯಾ. "ಆ ಫೈನಲ್ ಹಾಕಿದ್ದು ನಾನೇ. ಆದ್ರೆ ನಾನು ರಶ್ಮಿ ಅಲ್ಲ."

ಮುಂದಿನದು ಸರಸರ ನಡೆಯಿತು. ಒಳ್ಳೆಯ ಕೆಲಸಕ್ಕೆ ತಿಂಗಳುಗಟ್ಟಲೆ ಅಲೆಸುವ ಕಚೇರಿಗಳು ಬಡವರ ಕುತ್ತಿಗೆಗೆ ಬಂದಾಗ ಗಾಳಿಯ ವೇಗದಲ್ಲಿ ಓಡುತ್ತವೆ. ವಿಚಾರಣಾ ಸಮಿತಿ, ಹೇಳಿಕೆ, ಫೋಟೋ ತಾಳೆ, ಐದು ವಾರದಲ್ಲಿ ಆದೇಶ. ತಂಡದ ಚಿನ್ನ ರದ್ದು. ಎಲ್ಲರೂ ಪದಕ, ಸರ್ಟಿಫಿಕೇಟು ಹಿಂದಿರುಗಿಸತಕ್ಕದ್ದು. ಶಶಿಧರ್‌ಗೆ ಎಚ್ಚರಿಕೆ. ರಶ್ಮಿಯ ಸೀಟು? ಅದು ಈ ಸಮಿತಿಯ ವ್ಯಾಪ್ತಿಗೆ ಬರುವುದಿಲ್ಲವಂತೆ. ಬೇರೊಬ್ಬರ ಹೆಸರಿನಲ್ಲಿ ಆಡಿದ ಅಪರಾಧಕ್ಕೆ ಧನ್ಯಾಳಿಗೆ ಎರಡು ವರ್ಷ ನಿಷೇಧ. ಕಲಿಸಿದವನಿಗೆ ಬುದ್ಧಿಮಾತು, ಲಾಭ ಪಡೆದವಳಿಗೆ ಮೌನ, ದುಡಿದವಳಿಗೆ ಶಿಕ್ಷೆ. ಚಂದ್ರಶೇಖರಪ್ಪ ಲೈನ್ ಮನೆ ಬಿಡಿಸಲಿಲ್ಲ. ದೊಡ್ಡ ಮನಸ್ಸು ಎಂದುಕೊಳ್ಳಬೇಡಿ, ಕೊಯ್ಲಿಗೆ ಆಳು ಸಿಗದೆ ಹಣ್ಣು ಗಿಡದಲ್ಲೇ ಕಪ್ಪಾಗುತ್ತಿತ್ತು. ಮಳೆಗಾಲ ಬರಲಿ, ಆಗ ತಿಳಿಯುತ್ತದೆ.

ಆದೇಶದ ಎರಡನೇ ಪುಟದಲ್ಲಿ ಒಂದು ಸಾಲಿತ್ತು: "ಸದರಿ ಫೈನಲ್ ಪಂದ್ಯದ ಏಳೂ ಇನ್ನಿಂಗ್ಸುಗಳಲ್ಲಿ ಪಿಚರ್ ಆಗಿ ಆಡಿದವರು ಧನ್ಯಾ ವಿ. ಎಂಬುದು ದೃಢಪಟ್ಟಿರುತ್ತದೆ." ಧನ್ಯಾ ಆ ಸಾಲನ್ನು ಎಷ್ಟು ಸಲ ಓದಿದಳೋ. ಆ ಪಂದ್ಯದ ಜೊತೆಗೆ ಅವಳ ಹೆಸರು ಸೇರಿಸಿ ಸರ್ಕಾರಿ ಮುದ್ರೆ ಒತ್ತಿದ ಕಾಗದ ಈ ಲೋಕದಲ್ಲಿ ಅದೊಂದೇ. ಮೂಡಿಗೆರೆ ಬಸ್‌ಸ್ಟ್ಯಾಂಡಿನ ಎದುರಿನ ಸಮೀಉಲ್ಲಾ ಅಂಗಡಿಗೆ ಅದನ್ನು ಲ್ಯಾಮಿನೇಷನ್ ಮಾಡಿಸಲು ತಂದಳು.

"ಸರ್ಟಿಫಿಕೇಟಾ?" ಎಂದು ಸಮೀಉಲ್ಲಾ ಕೇಳಿದ.

"ಹೂಂ."

ಹಿಂದಿನಿಂದ ಫರ್ಹತ್‌ಳ ಧ್ವನಿ ಬಂತು. ಗ್ಯಾರೇಜಿಗೆ ಹೋಗುತ್ತಿದ್ದವಳು ಅವಳನ್ನು ನೋಡಿಯೇ ಬಂದಿದ್ದಳು. ಆಯ್ಕೆಯ ದಿನದಿಂದ ಒಂದು ಮಾತಿಲ್ಲ, ಒಂದು ಮೆಸೇಜಿಲ್ಲ.

"ಖುಷಿಯಾಯ್ತಾ? ನಿನ್ನ ಹೆಸರು ನಿಂಗೆ ಸಿಕ್ತು. ನನ್ನ ಹೆಸರು ನನ್ನ ಸರ್ಟಿಫಿಕೇಟಲ್ಲೇ ಇತ್ತಲ್ಲೇ! ನಾನು ಯಾರ ಬದಲಿ ಹೋಗಿದ್ದೆ? ನನ್ನದನ್ನ ಯಾಕೆ ಕಿತ್ಕೊಂಡೆ?"

ಇದಕ್ಕೆ ಉತ್ತರ ಕೊಡಬೇಕಾದವರು ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲುವ ಪೈಕಿ ಅಲ್ಲ. ಅವರು ತಪ್ಪು ಮಾಡುತ್ತಾರೆ. ಆಮೇಲೆ ಇಬ್ಬರು ಹುಡುಗಿಯರು ಲ್ಯಾಮಿನೇಷನ್ ಅಂಗಡಿ ಮುಂದೆ ನಿಂತು ಒಬ್ಬರ ಮುಖ ಒಬ್ಬರು ಪರಚಿಕೊಳ್ಳಬೇಕು. ಇದೇ ಏರ್ಪಾಡು.

ಧನ್ಯಾ ಕಾಗದವನ್ನು ಸಮೀಉಲ್ಲಾನ ಕೈಯಿಂದ ವಾಪಸ್ ತೆಗೆದುಕೊಂಡಳು. "ಲ್ಯಾಮಿನೇಷನ್ ಬೇಡ. ಎರಡು ಜೆರಾಕ್ಸ್ ಮಾಡಿ. ಒಂದು ಬಿಳಿ ಹಾಳೆನೂ ಕೊಡಿ."

ಅಂಗಡಿಯ ಗಾಜಿನ ಮೇಲೆ ಹಾಳೆ ಇಟ್ಟು ಸಮಿತಿಗೆ ನಿಂತೇ ಅರ್ಜಿ ಬರೆದಳು: ಉಳಿದ ಹದಿನೈದು ಮಂದಿ ತಮ್ಮ ಸ್ವಂತ ಹೆಸರಿನಲ್ಲಿ ಆಡಿದ್ದಾರೆ. ಹದಿನಾಲ್ವರಿಗೆ ಈ ವಿಷಯ ತಿಳಿದೇ ಇರಲಿಲ್ಲ. ಒಬ್ಬಳಿಗೆ ತಿಳಿದಿತ್ತು, ಆದರೆ ಮ್ಯಾನೇಜರ್ ಎದುರು ಬಾಯಿ ತೆರೆಯುವ ಶಕ್ತಿ ಅವಳಿಗೂ ಇರಲಿಲ್ಲ, ನನಗೂ ಇರಲಿಲ್ಲ. ಫೋಟೋ ಅಂಟಿಸಿದವರು ಶಶಿಧರ್ ಸರ್. ಸರ್ಟಿಫಿಕೇಟನ್ನು ಉಪಯೋಗಿಸಿಕೊಂಡವರು ರಶ್ಮಿ ಚಂದ್ರಶೇಖರಪ್ಪ. ಅವರನ್ನು ಬಿಟ್ಟು ಇವರನ್ನು ಯಾಕೆ ಶಿಕ್ಷಿಸುತ್ತಿದ್ದೀರಿ ಎಂಬುದಕ್ಕೆ ಉತ್ತರ ಕೊಡಬೇಕು. ಕೆಳಗೆ ಸಹಿ ಹಾಕಿದಳು.

ಫರ್ಹತ್ ಹಾಳೆ ಕಿತ್ತುಕೊಂಡು ಓದಿದಳು. ಎರಡು ಸಲ ಓದಿದಳು. ಕ್ಷಮಿಸಿದೆ ಅನ್ನಲಿಲ್ಲ, ಅಳಲೂ ಇಲ್ಲ.

"ಫೋನ್ ನಂಬರ್ ಹಾಕಿಲ್ಲ" ಎಂದಳು. "ಹಾಕು. ವಿಚಾರಣೆಗೆ ಕರೆದ್ರೆ ನೀನೇ ಬಂದು ಹೇಳ್ಬೇಕು."